ಮಧ್ಯಾಹ್ನದ ಹನಿ

“ಅಲುಗಾಡಬೇಡಿ… ಅಳತೆ ತಪ್ಪುತ್ತೆ!”

ಅವನು ಉಸಿರು ಬಿಗಿಹಿಡಿದು ಕೂತ. ಟೈಲರಮ್ಮನ ಅಳತೆಪಟ್ಟಿ ಅವನ ತಲೆ ಸುತ್ತಿ ಗಲ್ಲದ ಕೆಳಗೆ ಬಂದಿತ್ತು. ಜೇನು ಸಾಕುವವನು, ಹೊಸ ಮುಖಪರದೆ ಹೊಲಿಸಲು ಬಂದಿದ್ದ. ಹಳೆಯದರ ತೂತಿನಲ್ಲಿ ನುಗ್ಗಿದ ಜೇನ್ನೊಣ ಎಡಗೆನ್ನೆಯನ್ನು ಊದಿಸಿಬಿಟ್ಟಿತ್ತು.

“ಈ ಕೆನ್ನೆಗೊಂದು ಅಳತೆ, ಆ ಕೆನ್ನೆಗೊಂದು! ನಾನು ಯಾವುದನ್ನ ನಂಬಲಿ?”

“ನಾಳೆ ಬರ್ತೀನಿ ಬಿಡಿ. ಎರಡೂ ಒಂದೇ ಆಗಿರುತ್ತೆ.”

ನಾಳೆ ಬಂದ. ನಾಡಿದ್ದೂ ಬಂದ. ಪರದೆ ಹೊಲಿದು ಮುಗಿದಿದ್ದರೂ ಅವಳು ಕೊಡಲಿಲ್ಲ, ಅವನು ಕೇಳಲಿಲ್ಲ! ಬೇಸಿಗೆ ಕಳೆಯುವುದರೊಳಗೆ ಮದುವೆಯೇ ಆಗಿಹೋಯಿತು.

ಈಗ ಅವಳಿಗೆ ಏಳು ತಿಂಗಳು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಸಕ್ಕರೆ ಏರಿತ್ತು.

“ಗಾಬರಿ ಬೇಡ ತಾಯಿ,” ಎಂದಳು ನರ್ಸಕ್ಕ. “ಬಸುರಿನಲ್ಲಿ ಕೆಲವರಿಗೆ ಹೀಗಾಗುತ್ತೆ, ನಿಮ್ಮ ತಪ್ಪಲ್ಲ. ಅನ್ನ ಅಳತೆ ಮೇಲಿರಲಿ, ಸೊಪ್ಪು ಕಾಳು ಮೊಟ್ಟೆ ಇರಲಿ. ಸಿಹಿ ಬೇಡ. ಉಂಡ ತಕ್ಷಣ ಹೊಲಿಗೆ ಮೆಷಿನ್ ಮುಂದೆ ಕೂರಬೇಡಿ, ನಡೀರಿ. ಬೆಳಿಗ್ಗೆ ಖಾಲಿ ಹೊಟ್ಟೇಲಿ, ಆಮೇಲೆ ಪ್ರತಿ ಊಟವಾದ ಎರಡು ಗಂಟೆಗೆ ಬೆರಳು ಚುಚ್ಚಿ ನೋಡಿ. ಇದಕ್ಕೂ ಬಗ್ಗದಿದ್ರೆ ಇನ್ಸುಲಿನ್ ಇದೆ. ಅದೇನೂ ಭೂತ ಅಲ್ಲ.”

ಅಂದಿನಿಂದ ಅವಳು ನಡೆದುಕೊಂಡ ರೀತಿ ನೋಡಬೇಕಿತ್ತು! ಬಟ್ಟೆ ಕತ್ತರಿಸುವಾಗ ನೂಲೆಳೆಯಷ್ಟೂ ಆಚೀಚೆ ಆಗದ ಕೈ ಈಗ ಅನ್ನವನ್ನೂ ಹಾಗೇ ಬಡಿಸಿಕೊಂಡಿತು.

“ಎರಡು ಜೀವಕ್ಕೆ ಉಣ್ಣೋಳು ಗುಬ್ಬಿ ಹಾಗೆ ಕುಕ್ಕಿದ್ರೆ ಹೆಂಗೇ!” ಎಂದು ಅತ್ತೆ ಗೊಣಗಿದಳು.

“ಗುಬ್ಬೀನೂ ಮರಿ ಸಾಕುತ್ತಲ್ಲ ಅತ್ತೆ,” ಎಂದು ನಕ್ಕು ಚಪ್ಪಲಿ ಮೆಟ್ಟಿದಳು. ಕಾಲು ಊದಿದ ದಿನವೂ ತಪ್ಪಿಸಲಿಲ್ಲ. ಮನೆ ಪಕ್ಕದ ದವಸದ ಕಣಜದಿಂದ ಕೆರೆಯ ಏರಿಯವರೆಗೆ, ಅಲ್ಲಿಂದ ಹಿಂದಕ್ಕೆ. ನಾಲ್ಕು ದಿನ ಬಾಗಿಲಲ್ಲಿ ನಿಂತು ನೋಡಿದ ಅತ್ತೆ ಐದನೆಯ ದಿನ ತಾನೂ ಸೆರಗು ಸಿಕ್ಕಿಸಿ ಹೊರಟಳು.

“ನಿನಗಲ್ಲ, ನನ್ನ ಮಂಡಿಗೆ!”

ಬೆರಳು ಚುಚ್ಚುವ ಕೆಲಸ ಮಾತ್ರ ಗಂಡನದು. “ನನಗೆ ಭಯ ಕಣ್ರೀ,” ಎಂದಿದ್ದಳು. ಹುಟ್ಟಿದಾಗಿನಿಂದ ಸೂಜಿ ಹಿಡಿದವಳಿಗೆ ಎಂಥ ಭಯ! ಅವನು ಮೆಲ್ಲಗೆ ಬೆರಳು ಹಿಡಿದು, ಚುಚ್ಚಿ, ಒತ್ತಿ, ಹನಿ ಬರಿಸುತ್ತಾನಲ್ಲ… ಆ ಗಳಿಗೆ ಅವಳಿಗೆ ಬೇಕಾಗಿತ್ತು, ಅಷ್ಟೇ.

ಜೇನು ತೆಗೆಯುವ ಕಾಲ ಬಂತು. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ದಿನವಿಡೀ ಜೇನುಗೂಡಿನ ಎರಿಯಿಂದ ಜೇನು ತೆಗೆಯುವ ಡ್ರಮ್ ತಿರುಗುವ ಸದ್ದು. ಅವಳು ಆ ಕಡೆ ತಲೆಯೂ ಹಾಕಲಿಲ್ಲ.

ಹತೋಟಿಗೆ ಬಂದಿದ್ದ ಸಕ್ಕರೆ ಅಷ್ಟರಲ್ಲೇ ಮತ್ತೆ ಏರತೊಡಗಿತು. ಬೆಳಿಗ್ಗೆ ಸರಿ, ರಾತ್ರಿ ಸರಿ. ಮಧ್ಯಾಹ್ನ ಮಾತ್ರ ಎಲ್ಲಿಗೋ ಹೋಗಿರುತ್ತಿತ್ತು!

“ಮಧ್ಯಾಹ್ನ ಏನು ತಿಂದೆ?” ಎಂದ ಅವನು.

“ನಿಮ್ಮಮ್ಮನ ಎದುರಿಗೇ ಉಂಡೆನಲ್ಲ.”

‘ಆಸೆ ಆಗಿರಬಹುದು, ಪಾಪ… ಆದರೆ ಮಗು?’ ಎಂಬುದು ಅವನ ಮುಖದ ಮೇಲೇ ಬರೆದಿತ್ತು. ಮುಂದಿನ ವಾರವೂ ಹೀಗೇ ಇದ್ದರೆ ಇನ್ಸುಲಿನ್ ಶುರು ಮಾಡುವುದಾಗಿ ಡಾಕ್ಟರು ಹೇಳಿಕಳಿಸಿದರು.

ಮರುದಿನ ಜೇನಿನ ಕೋಣೆಗೆ ಬೀಗ ಬಿದ್ದಿತ್ತು.

“ಇದೇನ್ರೀ?”

“ಇರುವೆ ಬರ್ತಿತ್ತು…”

“ಬೀಗ ಹಾಕಿದ್ರೆ ಇರುವೆ ಬರಲ್ವಾ? ಆ ಇರುವೆಗೆ ಏಳು ತಿಂಗಳಾ?”

ಅವನು ಬೀಗದ ಕೈಯನ್ನು ಜೇಬಿಗೆ ಇಳಿಸಿದ. ಅವಳ ಎದೆಯಲ್ಲಿ ಏನೋ ಪರ್‍ರನೆ ಹರಿಯಿತು. ಇಂಜೆಕ್ಷನ್ನಿಗೆ ಅವಳು ಹೆದರಿರಲಿಲ್ಲ. ಮಗುವಿಗಾಗಿ ಮೈಯೆಲ್ಲ ಚುಚ್ಚಿಸಿಕೊಂಡಾಳು. ಆದರೆ ಇಷ್ಟೆಲ್ಲ ಕಟ್ಟುನಿಟ್ಟಾಗಿದ್ದೂ ಕಳ್ಳಿ ಅನ್ನಿಸಿಕೊಳ್ಳುವುದೇ?

ಅಂದೇ ಬಟ್ಟೆ ಗಂಟು ಹಿಡಿದು, ಕೆರೆಯಾಚೆಗಿನ ಅಮ್ಮನ ಮನೆಗೆ ಹೋದಳು.

ಅಲ್ಲಿಯೂ ಅದೇ ಊಟ, ಅದೇ ನಡಿಗೆ. ಬೆರಳು ಮಾತ್ರ ತಾನೇ ಚುಚ್ಚಿಕೊಂಡಳು. ಮಧ್ಯಾಹ್ನವೂ ಸರಿಯಿತ್ತು!

ಸಂತೋಷಪಡಬೇಕಾದವಳು ಅತ್ತಳು. ‘ಇದನ್ನು ಕೇಳಿದರೆ ಅವರೇನಂದಾರು? ಇಲ್ಲಿ ಜೇನಿಲ್ಲ, ಅದಕ್ಕೇ ಸರಿಯಿದೆ ಅನ್ನುವುದಿಲ್ಲವೇ…’

ಮೂರನೆಯ ಮಧ್ಯಾಹ್ನ ಅವನು ಏದುಸಿರು ಬಿಡುತ್ತ ಬಂದ. ಕೆಲಸ ಅರ್ಧಕ್ಕೆ ಬಿಟ್ಟು, ಒದ್ದೆ ಬಟ್ಟೆಯಲ್ಲಿ ಕೈ ಒರೆಸಿಕೊಂಡು ಓಡಿ ಬಂದಿದ್ದ. ಅವಳು ಅಂಗಿಯೊಂದಕ್ಕೆ ಅಂಚು ಹೊಲಿಯುತ್ತಿದ್ದಳು.

“ಹೇಗಿದ್ದೀಯಾ? ಇವತ್ತು ನೋಡಿದ್ಯಾ?”

“ಈಗ ನೋಡಬೇಕು.”

“ಕೊಡು, ನಾನು ನೋಡ್ತೀನಿ.”

ಕೋಪವಿದ್ದರೂ ಬೆರಳು ತಾನಾಗಿ ಮುಂದೆ ಹೋಯಿತು. ಅವನು ಹಿಡಿದ, ಚುಚ್ಚಿದ, ಒತ್ತಿದ. ಸಕ್ಕರೆ ನೋಡುವ ಪುಟ್ಟ ಮೆಷಿನ್ನಿನಲ್ಲಿ ಅಂಕಿ ಮೂಡಿತು.

ಮತ್ತೆ ಏರಿದೆ!

“ಇಲ್ಲೂ…” ಎಂದು ಅವನು ಶುರುಮಾಡಿದ.

“ಅಳಿಯಂದ್ರೇ, ಮಾತು ಅಳೆದು ಆಡಿ!” ಎಂದು ಅಮ್ಮ ಸೌಟು ಹಿಡಿದೇ ಹೊರಬಂದಳು. “ನನ್ನ ಕೈಯಾರೆ ಬಡಿಸಿದ್ದೀನಿ.”

ಅವಳು ಇಬ್ಬರ ಮಾತನ್ನೂ ಕೇಳುತ್ತಿರಲಿಲ್ಲ. ಹೊಲಿಗೆ ಎತ್ತಿಡಲು ಹೋದರೆ ಅಂಗಿ ಬೆರಳು ಬಿಡುತ್ತಿಲ್ಲ! ಹೊಲಿಗೆಯವಳ ಕೈ ಯಾವಾಗಲೂ ಒಣ, ಶುಭ್ರ. ಬಿಳಿ ಬಟ್ಟೆಗೆ ಕಲೆಯಾದರೆ ಯಾರು ಬಿಡುತ್ತಾರೆ? ಈಗ ನೋಡಿದರೆ ನೂಲಿನ ತುಣುಕೊಂದು ಬೆರಳ ತುದಿಗೆ ಅಂಟಿ ನಿಂತಿದೆ… ಅವನು ಹಿಡಿದಿದ್ದ ಬೆರಳಿಗೆ.

ಎದ್ದು ಹೋಗಿ ಸೋಪು ಹಚ್ಚಿ ಎರಡೂ ಕೈ ತೊಳೆದಳು. ಚೆನ್ನಾಗಿ ಒರೆಸಿ, ಬೇರೆ ಬೆರಳನ್ನು ತಾನೇ ಚುಚ್ಚಿಕೊಂಡಳು.

ಸರಿಯಾಗಿದೆ!

“ನಿಮ್ಮ ಕೈ ಕೊಡಿ.”

ಅವನ ಅಂಗೈ ಮೇಲೆ ಬೆರಳಾಡಿಸಿದಳು. ಉಗುರ ಸಂದಿಯಲ್ಲಿ, ಗೆರೆಗೆರೆಯಲ್ಲಿ ಜೇನು ಹೊಳೆಯುತ್ತಿತ್ತು.

“ರಕ್ತದಲ್ಲಲ್ಲ ರೀ ಸಕ್ಕರೆ ಏರಿದ್ದು… ನಿಮ್ಮ ಕೈಯದು ನನ್ನ ಹನಿಗೆ ಸೇರ್‍ತಿತ್ತು.”

ಬೆಳಿಗ್ಗೆ ಕೆಲಸಕ್ಕೆ ಮುಂಚೆ ಸರಿ, ರಾತ್ರಿ ಸ್ನಾನವಾದ ಮೇಲೆ ಸರಿ, ನಡುಮಧ್ಯಾಹ್ನ ಮಾತ್ರ… ಎಲ್ಲವೂ ಅವನಿಗೆ ಒಮ್ಮೆಲೇ ಹೊಳೆಯಿತು. ಹೊಸ್ತಿಲ ಮೇಲೆ ಕೂತ.

“ಇಲ್ಲದ ಸಕ್ಕರೆಗೆ ನಿನಗೆ ಇನ್ಸುಲಿನ್ ಚುಚ್ಚಿಸ್ತಿದ್ದೆನಲ್ಲೇ! ಡಾಕ್ಟರಿಗೆ ನಾನೇ ಹೇಳ್ತೀನಿ, ಇವತ್ತೇ.” ಅವನು ಜೇನಂಟಿದ ಕೈಗಳನ್ನೇ ನೋಡಿಕೊಂಡ. “ನೀನು ಊದಿದ ಕಾಲಲ್ಲಿ ಏರಿವರೆಗೆ ನಡೆಯೋದನ್ನ ಜೇನುಪೆಟ್ಟಿಗೆ ಪಕ್ಕ ನಿಂತು ನೋಡ್ತಿದ್ದೆ. ಅಷ್ಟು ಗಟ್ಟಿ ಮನಸ್ಸು ನನ್ನ ಹತ್ರ ಇಲ್ಲ ಕಣೇ. ಇಲ್ಲದವನು ಇದ್ದವಳನ್ನ ಅನುಮಾನಿಸಿದೆ.”

ಅಮ್ಮ ಸೌಟಿನ ಸಮೇತ ಸದ್ದಿಲ್ಲದೆ ಒಳಗೆ ಸರಿದಳು.

“ಕೈ ತೊಳೆಯೋಷ್ಟೂ ಪುರುಸೊತ್ತು ಇರಲಿಲ್ವಾ?” ಅವಳ ಕೋಪ ಅರ್ಧ ಕರಗಿತ್ತು.

“ಓಡಿ ಬರ್ತಿದ್ದೆ… ದಿನಕ್ಕೆ ಆ ಒಂದು ಗಳಿಗೆ ನಿನ್ನ ಬೆರಳು ಹಿಡಿಯೋಕೆ.”

ಅವಳು ಕಣ್ಣೊರೆಸಿಕೊಂಡು ನಕ್ಕಳು. “ನಾನೂ ಒಂದು ಹೇಳಲಾ? ನನಗೆ ಸೂಜಿ ಭಯ ಅನ್ನೋದು ಸುಳ್ಳು.”

“ಸುಳ್ಳಾ?!”

“ನೀವು ಓಡಿ ಬರಲಿ ಅಂತ.”

ಬಿಸಿಲು ಇಳಿದಿತ್ತು. ಅವಳು ಚಪ್ಪಲಿ ಮೆಟ್ಟಿದಳು.

“ಎಲ್ಲಿಗೆ?”

“ನಡಿಗೆಗೆ. ನಿಮ್ಮ ಜೊತೆ ಜಗಳ ಆಯ್ತು ಅಂತ ಬಿಡೋಕಾಗುತ್ತಾ?”

ಅವನು ಅವಳ ಬಟ್ಟೆ ಗಂಟಿನ ಕಡೆ ನೋಡಿದ. ಕೊನೆಗೆ ಮೆಲ್ಲಗೆ ಎಂದ:

“ಹೇಗೂ ನಡೀಬೇಕಲ್ಲ… ನಮ್ಮನೆ ಕಡೆಗೇ ನಡೆಯೋಣ?”

“ದೂರ ಆಗುತ್ತೆ ರೀ.”

“ನಡುವೆ ಕೂತ್ಕೊಂಡು ಹೋದ್ರಾಯ್ತು. ನನಗೇನೂ ಅವಸರ ಇಲ್ಲ.”

ಅವಳು ಗಂಟನ್ನೆತ್ತಿ ಅವನ ಕೈಗೆ ಕೊಟ್ಟಳು.

“ಹಿಡ್ಕೊಳ್ಳಿ. ಮುಂದೆ ಮುಂದೆ ಹೋಗಬೇಡಿ ಮತ್ತೆ… ನನ್ನ ಪಕ್ಕದಲ್ಲೇ ನಡೀರಿ.”