ಮೂರು ಮಂಡಳ, ಒಂದು ಕೌದಿ

ಬ್ಯಾಂಕಿನಿಂದ ಕಾಗದ ಬಂದ ದಿನ ಸೋಮಪ್ಪನಿಗೆ ಊಟ ಸೇರಲಿಲ್ಲ. ಹಳಿಯಾಳದ ತಾಲೂಕು ಕಚೇರಿಯ ಎದುರು ಬೇವಿನ ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಹದಿನಾರು ವರ್ಷದಿಂದ ಊರವರ ಅರ್ಜಿ ಬರೆದುಕೊಟ್ಟವನು ಅವನು. ಅವನು ಬರೆದ ಅರ್ಜಿಗೆ ಬಾವಿ ಬಂದಿತ್ತು, ಶಾಲೆಗೆ ಹಂಚು ಬಂದಿತ್ತು, ಯಾರ ಯಾರದೋ ಮನೆಗೆ ಎಮ್ಮೆ ಬಂದಿತ್ತು. ಊರಿನ ಬ್ಯಾಂಕು ತನ್ನ ಬೆಳ್ಳಿಹಬ್ಬದ ನೆನಪಿಗೆ, ೧೯೮೨ರಲ್ಲಿ, ಸಮಾಜದ ಕೆಲಸಕ್ಕೆ ನೆರವು ಕೊಡುವ ಧರ್ಮನಿಧಿಯೊಂದನ್ನು ತೆರೆದಾಗ ಸೋಮಪ್ಪ ಜನ್ಮದಲ್ಲಿ ಮೊದಲ ಸಲ ತನಗಾಗಿ ಒಂದು ಅರ್ಜಿ ಬರೆದ. ಹೆಣ್ಣುಮಕ್ಕಳಿಗೆ ಟೈಪಿಂಗ್ ಕಲಿಸಲು ಎರಡು ಹೊಸ ಮಶಿನ್ ಬೇಕು ಎಂದು ಕೇಳಿದ್ದ. ‘ಒಬ್ಬೊಬ್ಬ ವ್ಯಕ್ತಿಗೆ ನೆರವಿಲ್ಲ, ಸಂಘಗಳಿಗೆ ಮಾತ್ರ’ ಎಂದು ಉತ್ತರ ಬಂತು. ಆ ಒಂದು ಕಾಗದದಲ್ಲಿ ಮೂರು ಕಡೆ ಟೈಪಿಂಗ್ ತಪ್ಪಿತ್ತು. ಅದು ಇನ್ನೂ ಉರಿಯಿತು.

ಸಂಘವೇ ಬೇಕೇನು, ಕೊಡೋಣ ಎಂದುಕೊಂಡ. ಒಂದಲ್ಲ, ಮೂರು.

ನಿಯಮಾವಳಿಯನ್ನು ಅವನು ಹಬ್ಬದೂಟದಂತೆ ನಿಧಾನವಾಗಿ ಸವಿದ. ಹೆಣ್ಣುಮಕ್ಕಳ ಸಂಘವಾದರೆ ಸರಕಾರಿ ನೋಂದಣಿಯೂ ಬೇಡ. ಸದಸ್ಯೆಯರ ಹೆಬ್ಬೆಟ್ಟು, ಸಂಘದ ಮುದ್ರೆ, ಮಾಡಿದ ಕೆಲಸದ ಒಂದು ಮಾದರಿ ಇದ್ದರೆ ಸಾಕು. ಸಂಘದವರು ಬರಲಾಗದಿದ್ದರೆ ಅವರು ಬರೆದು ನೇಮಿಸಿದ ಪ್ರತಿನಿಧಿ ಬಂದು ಹಣ ಪಡೆಯಬಹುದು. ಇದನ್ನು ಬರೆದ ಪುಣ್ಯಾತ್ಮ ಕಳ್ಳರನ್ನು ಕಂಡವನೇ ಅಲ್ಲ ಎಂದು ಸೋಮಪ್ಪನಿಗೆ ಅವನ ಮೇಲೆ ಸ್ವಲ್ಪ ಕನಿಕರವೂ ಹುಟ್ಟಿತು.

ಮಹಿಳಾ ಮಂಡಳಗಳನ್ನು ಒಂದಕ್ಕೊಂದು ನಂಟಿಲ್ಲದ ಊರುಗಳಲ್ಲಿ ಸ್ಥಾಪಿಸಿದ. ಒಂದು ದಾಂಡೇಲಿಯಾಚೆ ಕಾಡಿನ ಕುಳಗಿಯಲ್ಲಿ, ಒಂದು ಮುಂಡಗೋಡ ಕಡೆಯ ಸನವಳ್ಳಿಯಲ್ಲಿ. ಮಳೆಗಾಲದಲ್ಲಿ ಅಲ್ಲಿಗೆ ಯಾವ ಬ್ಯಾಂಕಿನವನೂ ಹೋಗುವುದಿಲ್ಲ. ಮೂರನೆಯದು ಹಳಿಯಾಳದ ಮಗ್ಗುಲಿನ ಸಾಂಬ್ರಾಣಿಯಲ್ಲಿ. ಹತ್ತಿರದ ಊರನ್ನೂ ಯಾರೂ ಹೋಗಿ ನೋಡುವುದಿಲ್ಲ, ಅಲ್ಲಿಯದೆಲ್ಲ ಗೊತ್ತಿದೆ ಎಂದುಕೊಂಡಿರುತ್ತಾರೆ. ಇನ್ನು ಮೂರೂ ಅರ್ಜಿಯನ್ನು ಒಬ್ಬನೇ ಹಿಡಿದು ಹೋದರೆ ಅನುಮಾನ ಬಾರದೇ? ಬಾರದು. ಊರವರ ಅರ್ಜಿ ಹೊತ್ತು ತಿರುಗುವುದೇ ಅವನ ಕಸುಬು. ಅವನ ಕಂಕುಳಲ್ಲಿ ಕಾಗದ ಇಲ್ಲದಿದ್ದರೆ ಜನ ಮೈಗೆ ಹುಷಾರಿಲ್ಲವೇ ಎಂದು ಕೇಳುತ್ತಿದ್ದರು.

ಒಂದು ಅರ್ಜಿಯನ್ನು ತನ್ನ ಮಶಿನ್ ಮೇಲೆ ಟೈಪ್ ಮಾಡಿದ, ಇನ್ನೊಂದನ್ನು ದಾಂಡೇಲಿಯ ಗೆಳೆಯನ ಮಶಿನ್ ಮೇಲೆ. ಮೂರನೆಯದನ್ನು ಎಡಗೈಯಲ್ಲಿ ಬರೆದ. ಹೆಬ್ಬೆಟ್ಟಿಗೆ ಕೈಯ ಹತ್ತೂ ಬೆರಳು ದುಡಿದವು, ಅವೂ ಸಾಲದಾದಾಗ ಕಾಲಿನ ಹೆಬ್ಬೆರಳಿಗೂ ಕೆಲಸ ಸಿಕ್ಕಿತು. ಸನವಳ್ಳಿ ಮಂಡಳದ ಅಧ್ಯಕ್ಷೆ ಅದೇ.

ಮುದ್ರೆಗಳನ್ನು ಹುಬ್ಬಳ್ಳಿಯ ಮೂರು ಬೇರೆ ಬೇರೆ ಅಂಗಡಿಗಳಲ್ಲಿ ಮಾಡಿಸಿದ. ಒಂದು ದುಂಡು, ಒಂದು ಚೌಕ, ಒಂದು ಮೊಟ್ಟೆಯಾಕಾರ. “ಈ ಮಸಿ ಸಾಬಣ ಹಚ್ಚಿ ತಿಕ್ಕಿದ್ರೂ ಹೋಗಂಗಿಲ್ರಿ” ಎಂದು ಅಂಗಡಿಯವನು ನೇರಳೆ ಮಸಿಯ ಶೀಶೆಯನ್ನೂ ಮಾರಿದ. ಹೊಸ ರಬ್ಬರು ಚೆನ್ನಾಗಿ ಮೂಡುತ್ತದೋ ಇಲ್ಲವೋ ನೋಡಬೇಕಲ್ಲ. ಅದಕ್ಕೆ ಕಾಗದ ಬಳಸುವಷ್ಟು ದಡ್ಡ ಸೋಮಪ್ಪನಲ್ಲ. ಕಾಗದ ಗಾಳಿಗೆ ಹಾರಿ ಎಲ್ಲಿಗೋ ಹೋಗಿ ಮಾತಾಡುತ್ತದೆ. ಹಳೆಯ ಧೋತರದ ತುಂಡೊಂದನ್ನು ಹಾಸಿಕೊಂಡ. ಪ್ಯಾಡಿಗೆ ಮಸಿ ಹಿಡಿದಿದೆಯೇ ಎಂದು ಮೊದಲು ತನ್ನ ಹಳೆಯ ಮುದ್ರೆಯನ್ನು ಒತ್ತಿ ನೋಡಿ, ಆಮೇಲೆ ಹೊಸವನ್ನು ಒಂದೊಂದಾಗಿ ಒತ್ತಿದ. ಎಲ್ಲವೂ ಅಂದವಾಗಿ ಮೂಡಿದವು. ಕರಡು ಕಾಗದ, ಕಾರ್ಬನ್, ಧೋತರದ ತುಂಡು, ಎಲ್ಲವನ್ನೂ ಬಚ್ಚಲ ಒಲೆಯ ಬಾಯಿಗೆ ತುರುಕಿ ಮಲಗಿದ. ಬೆಳಿಗ್ಗೆ ಹೆಂಡತಿ ಮಾಲವ್ವ ನೀರು ಕಾಯಿಸಿ ಕರೆದಾಗ ಒಲೆಯಲ್ಲಿ ಬೂದಿ ಮಾತ್ರ ಇತ್ತು. ಅವನು ಹಾಡು ಗುನುಗುತ್ತ ಸ್ನಾನ ಮಾಡಿದ.

ಇನ್ನು ಉಳಿದದ್ದು ಮಾದರಿ. ಕುಳಗಿಯ ಹೆಸರಿಗೆ ಸಂತೆಯಲ್ಲಿ ಒಂದು ಬಿದಿರಿನ ಬುಟ್ಟಿ ಕೊಂಡ, ಸನವಳ್ಳಿಯ ಹೆಸರಿಗೆ ಮನೆಯ ಹಪ್ಪಳವನ್ನೇ ಕಟ್ಟಿಕೊಂಡ. ಸಾಂಬ್ರಾಣಿಗೆ ಕೌದಿಯೇ ಆಗಬೇಕಿತ್ತು. ಅಲ್ಲಿಯ ಸಿದ್ದಿ ಹೆಂಗಸರು ಹಳೆ ಬಟ್ಟೆಯ ತುಂಡು ಸೇರಿಸಿ ಹೊಲಿಯುವ ಹೊದಿಕೆಗೆ ಸುತ್ತಲೂ ಹೆಸರಿತ್ತು. ಆದರೆ ಅದು ಅಂಗಡಿಯಲ್ಲಿ ಸಿಗುವ ಮಾಲಲ್ಲ. ನಮ್ಮ ಮನೆಯ ಹಳೆ ಬಟ್ಟೆಯ ಗಂಟು ನಾವು ಒಯ್ದು ಕೊಡಬೇಕು, ಅವರು ಹೊಲಿದು ಕೊಡುತ್ತಾರೆ.

“ಹಳೆ ಅರಿವಿ ಒಂದು ಗಂಟು ಕಟ್ಟು. ಬ್ಯಾಂಕಿನವ್ರಿಗೆ ಕೌದಿ ಹೊಲಿಸಬೇಕು” ಎಂದ ಮಾಲವ್ವನಿಗೆ.

“ಬ್ಯಾಂಕಿನವ್ರಿಗೂ ಥಂಡಿ ಹತ್ತೈತೇನು?” ಎಂದು ನಕ್ಕು ಅವಳು ಗಂಟು ಕಟ್ಟಿಕೊಟ್ಟಳು.

ಸಾಂಬ್ರಾಣಿಯಲ್ಲಿ ಕೌದಿಗೆ ಕೈ ಹಾಕಿದವಳು ಮಾರ್ಗರೀಟಾ. ಹೇಳಿದ ದಿನಕ್ಕೆ ಸೋಮಪ್ಪ ಹೋದಾಗ ಕೌದಿ ಇನ್ನೂ ಅವಳ ಕಾಲ ಮೇಲೆಯೇ ಇತ್ತು.

“ಇನ್ನ ಎರಡು ದಿನಾ ತಾಳ್ರಿ ಅಣ್ಣಾರ. ನಾಕು ಮೂಲಿಗೆ ಫೂಲ ಹಚ್ಚೂದೈತಿ.” ಫೂಲ ಎಂದರೆ ಬಟ್ಟೆ ಮಡಚಿ ಮೂಲೆಗೆ ಹೂವಿನಂತೆ ಹೊಲಿಯುವ ತುಂಡು.

“ಮೂಲಿ ಯಾರು ನೋಡ್ತಾರ? ಹಂಗ ಕೊಟ್ಟಬಿಡು.”

“ಫೂಲ ಇಲ್ಲದ ಕೌದಿ ಬತ್ತಲೆ ಇದ್ದಂಗ್ರಿ. ಹಂಗ ನಾ ಯಾರಿಗೂ ಕೊಟ್ಟಾಕಿ ಅಲ್ಲ. ಅಕ್ಕಾರು ಕಳಿಸಿದ ಗಂಟಿನ್ಯಾಗ ಒಂದು ಚಲೋ ಅರಿವಿ ಇತ್ತು, ಅದಕ್ಕಂತನ ತೆಗೆದಿಟ್ಟೇನಿ.” ಸೂಜಿಗೆ ದಾರ ಪೋಣಿಸುತ್ತ ಅವಳು ಕೇಳಿದಳು: “ಹೆಣ್ಮಕ್ಕಳ ಸಂಘಕ್ಕ ಬ್ಯಾಂಕಿನವ್ರು ರೊಕ್ಕಾ ಕೊಡ್ತಾರಂತಲ್ರಿ, ಖರೇನು? ನಾವು ಎಂಟು ಮಂದಿ ಕೂಡೇ ಹೊಲಿತೇವಿ. ಒಂದು ಹೊಲಿಗಿ ಮಶಿನ್ ಬಂದ್ರ ಭಾಳ ಆಸರ ಆಗ್ತೈತಿ. ನಮಗೂ ಒಂದು ಅರ್ಜಿ ಬರದ ಕೊಡ್ರಿ ಅಣ್ಣಾರ.”

ಸೋಮಪ್ಪ ಚೀಲವನ್ನು ಬೆನ್ನ ಹಿಂದೆ ಸರಿಸಿಕೊಂಡ. ಅವನ ಚೀಲದಲ್ಲಿದ್ದ ಸಾಂಬ್ರಾಣಿ ಮಂಡಳದಲ್ಲಿ ಹನ್ನೆರಡು ಹೆಂಗಸರಿದ್ದರು, ಅವರಲ್ಲಿ ಒಬ್ಬಳೂ ಉಸಿರಾಡುತ್ತಿರಲಿಲ್ಲ.

“ತಾರೀಖು ಮುಗದೈತಿ” ಎಂದ. “ಬರೂ ವರ್ಷ ನೋಡೂಣು.”

ತಾರೀಖಿಗೆ ಇನ್ನೂ ಆರು ದಿನವಿತ್ತು. ಸುಳ್ಳು ಹೇಳಿದ ಕಸಿವಿಸಿ ಅವನಿಗೆ ಬಸ್ ಸ್ಟ್ಯಾಂಡಿನವರೆಗೆ ಇತ್ತು, ಚಹಾ ಕುಡಿದ ಮೇಲೆ ಹೋಯಿತು.

ಎರಡು ದಿನ ಬಿಟ್ಟು ಮತ್ತೆ ಹೋದಾಗ ಮಾರ್ಗರೀಟಾ ಕೌದಿಯನ್ನು ಮಡಚಿ, ಹಗ್ಗ ಕಟ್ಟಿ ಕೊಟ್ಟಳು. “ಬಿಚ್ಚಿ ನೋಡ್ರೆಲಾ, ಫೂಲ ಎಷ್ಟು ಚಂದ ಆಗ್ಯಾವ” ಎಂದಳು. ಆಚೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಕೌದಿಯಲ್ಲಿ ನೋಡುವುದೇನಿದೆ, ಹೊದ್ದುಕೊಂಡು ಮಲಗುವ ವಸ್ತು ಎಂದುಕೊಂಡು ಸೋಮಪ್ಪ ಬಸ್ಸಿಗೆ ಓಡಿದ. ಮನೆಯಲ್ಲೂ ಅದನ್ನು ಮಳೆನೀರು ತಾಗದಂತೆ ಅಟ್ಟದ ಮೇಲಿಟ್ಟನೇ ಹೊರತು ಹಗ್ಗ ಬಿಚ್ಚಲಿಲ್ಲ. ಅರ್ಜಿಗಳನ್ನು ಮಾತ್ರ ಹದಿನೆಂಟು ಸಲ ಓದಿದ.

ಸಭೆ ಬ್ಯಾಂಕಿನ ಮಹಡಿಯ ಮೇಲೆ ನಡೆಯಿತು. ಧರ್ಮನಿಧಿಯ ಕಾರ್ಯದರ್ಶಿ ತಾಜುದ್ದೀನ ಸಾಹೇಬರು ಕಾಗದಗಳನ್ನು ಓದಿದರು. ಬ್ಯಾಂಕು ಕಟ್ಟಿದವರ ವಿಧವೆ ಶಿವಗಂಗವ್ವ ಅಧ್ಯಕ್ಷೆ. ಅವರು ಕಾಗದಕ್ಕೆ ಕೈ ಹಚ್ಚಲಿಲ್ಲ, ಬುಟ್ಟಿಯನ್ನು ತಟ್ಟಿ ನೋಡಿದರು, ಹಪ್ಪಳ ಮುರಿದು ಬಾಯಿಗೆ ಹಾಕಿಕೊಂಡರು. ಸನವಳ್ಳಿ ಅಧ್ಯಕ್ಷೆಯ ಹೆಬ್ಬೆಟ್ಟು ನೋಡಿ ತಾಜುದ್ದೀನರು, “ಕೆಲಸಾ ಮಾಡಿ ಮಾಡಿ ಕೈ ಹೆಂಗಾಗೈತಿ ಪಾಪ” ಎಂದು ಮರುಗಿದಾಗ ಸೋಮಪ್ಪ ಚಪ್ಪಲಿಯೊಳಗೆ ಬೆರಳು ಮಡಚಿಕೊಂಡ.

“ಮೂರೂ ನಿಮ್ಮ ಕಡಿಂದನ ಬಂದಾವು, ಸೋಮಪ್ಪನವರ.”

“ಅಕ್ಷರ ಬಾರದ ಹೆಣ್ಮಕ್ಕಳು ಮತ್ತ ಯಾರ ಕಡೆ ಹೋಗಬೇಕ್ರಿ, ಸಾಹೇಬ್ರ?” ಎಂದ ಅವನು. ಹೇಳುವಾಗ ಅವನ ದನಿ ತಾನಾಗಿ ಒದ್ದೆಯಾಯಿತು.

“ಖರೇ ಐತಿ. ಮೂರೂ ಮಂಜೂರ್ ಮಾಡೂಣಲ್ರಿ, ಅವ್ವಾರ?”

ಎರಡು ಹೊಸ ಮಶಿನ್‌ಗಳ ಟಕಟಕ ಸೋಮಪ್ಪನ ಕಿವಿಯಲ್ಲಿ ಶುರುವಾಗಿತ್ತು. ‘ಸೋಮಪ್ಪ ಟೈಪಿಂಗ್ ಶಾಲೆ’ ಎಂಬ ಫಲಕಕ್ಕೆ ನೀಲಿ ಬಣ್ಣವೋ ಹಸಿರೋ ಎಂದು ಯೋಚಿಸುತ್ತಿದ್ದ.

“ತಡೀರಿ, ಕೌದಿ ನೋಡೇ ಇಲ್ಲ” ಎಂದರು ಶಿವಗಂಗವ್ವ. “ಸಿದ್ದಿ ಹೆಣ್ಮಕ್ಕಳು ಹೊಲಿದ ಕೌದಿ ಅಂದ್ರ ಮೊದಲ ಮೂಲಿ ನೋಡಬೇಕು. ಫೂಲ ಇಲ್ಲಂದ್ರ ಅದು ಅವರು ಹೊಲಿದದ್ದಲ್ಲ.”

ಎರಡು ದಿನ ಹಟ ಹಿಡಿದ ಮಾರ್ಗರೀಟಾಳಿಗೆ ಸೋಮಪ್ಪ ಮನಸ್ಸಿನಲ್ಲೇ ಕೈ ಮುಗಿದ. ತಾನೇ ಮುಂದೆ ಬಂದು ಹಗ್ಗ ಬಿಚ್ಚಿ, ಕೌದಿಯನ್ನು ಮೇಜಿನ ಮೇಲೆ ಉದ್ದಕ್ಕೂ ಹಾಸಿದ.

ಕೌದಿ ಚಂದವಿತ್ತು. ಮಾಲವ್ವನ ಹಸಿರು ಸೀರೆ, ಅವನದೇ ಪಟ್ಟೆಪಟ್ಟೆ ಅಂಗಿ ಅದರಲ್ಲಿ ಗುರುತು ಸಿಗುವಂತಿದ್ದವು. ಗುರುತು ಸಿಗುವ ಇನ್ನೊಂದು ಬಟ್ಟೆಯೂ ಇತ್ತು. ಕಾಗದವನ್ನು ಒಲೆಗೆ ಹಾಕುವ ಮಾಲವ್ವ ಗಟ್ಟಿಮುಟ್ಟಾದ ಧೋತರದ ತುಂಡನ್ನು ಯಾವತ್ತೂ ಒಲೆಗೆ ಹಾಕಿದವಳಲ್ಲ, ಆ ಬೆಳಿಗ್ಗೆಯೂ ಹಾಕಿರಲಿಲ್ಲ, ಒಗೆದು ಹಳೆ ಅರಿವಿಯ ಗಂಟಿಗೆ ಸೇರಿಸಿದ್ದಳು. ಬಿಳಿ ಬಟ್ಟೆಯ ಮೇಲಿನ ಆ ನೇರಳೆ ಚಿತ್ತಾರ ಮಾರ್ಗರೀಟಾಳಿಗೆ ಅದೆಷ್ಟು ಹಿಡಿಸಿತ್ತೆಂದರೆ, ಒಂದೊಂದನ್ನೂ ಕತ್ತರಿಸಿ, ಸುತ್ತ ಕೆಂಪು ಎಸಳು ಇಟ್ಟು, ಮೂಲೆಗೊಂದರಂತೆ ಫೂಲದ ನಟ್ಟನಡುವೆ ಕೂರಿಸಿದ್ದಳು. ತಾಜುದ್ದೀನ ಸಾಹೇಬರು ಕನ್ನಡಕ ಏರಿಸಿ ಮೇಜಿನ ಸುತ್ತ ನಡೆಯುತ್ತ ಗಟ್ಟಿಯಾಗಿ ಓದಿದರು. ಮೊದಲನೆಯ ಮೂಲೆಯಲ್ಲಿ ಮಹಿಳಾ ಮಂಡಳ, ಕುಳಗಿ. ಎರಡನೆಯದರಲ್ಲಿ ಮಹಿಳಾ ಮಂಡಳ, ಸಾಂಬ್ರಾಣಿ. ಮೂರನೆಯದರಲ್ಲಿ ಮಹಿಳಾ ಮಂಡಳ, ಸನವಳ್ಳಿ. ನಾಲ್ಕನೆಯ ಮೂಲೆಗೆ ಬಂದಾಗ ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಆ ಮೂಲೆಯನ್ನು ಶಿವಗಂಗವ್ವನೇ ಬಗ್ಗಿ ಓದಿದರು: “ಸೋಮಪ್ಪ, ಅರ್ಜಿ ಬರೆಯುವವರು, ಹಳಿಯಾಳ.”