ಆಳ ಉತ್ತ ಮೂಲೆ

ಟ್ರ್ಯಾಕ್ಟರ್ ಚಕ್ರಕ್ಕೂ ಅವನ ಕಾಲಿಗೂ ಒಂದು ಗೇಣು ಉಳಿದಾಗ ಅವಳು ಬ್ರೇಕ್ ಒತ್ತಿದಳು.

“ಯಾರ್ರೀ ಅದು? ಸತ್ತಿದ್ದೀರೋ, ಬದುಕಿದ್ದೀರೋ?”

ಗೋಧಿ ಹೊಲದ ಮೂಲೆಯಲ್ಲಿ ಬೋರಲು ಮಲಗಿದ್ದವನು ತಲೆಯೆತ್ತಲಿಲ್ಲ. “ಸ್ವಲ್ಪ ಎಂಜಿನ್ ಆಫ್ ಮಾಡಿ. ಎಸಳು ನಡುಗ್ತಾ ಇದೆ.”

ಸಿಟ್ಟು ಬರಬೇಕಿತ್ತು. ಇಳಿದು ಬಗ್ಗಿದಳು. ಅವನ ಭೂತಗನ್ನಡಿಯ ಕೆಳಗೆ ಉಗುರಿನಷ್ಟಗಲದ ಹೂವು, ಕೆಂಡದ ಬಣ್ಣ, ನಡುವೆ ಕಪ್ಪು ಚುಕ್ಕೆ.

“ಕಳೆ,” ಎಂದಳು.

“ನಮ್ಮ ಮೇಷ್ಟ್ರು ಈ ಕಳೆ ಹುಡುಕ್ತಾ ಹುಡುಕ್ತಾನೇ ರಿಟೈರ್ ಆದ್ರು.” ಅವನು ಸಸ್ಯಶಾಸ್ತ್ರದವನು, ಕಾಡು ಬಿಟ್ಟು ಹೊಲಗಳ ಅಂಚು ಸುತ್ತುವವನು. “ಇದಕ್ಕೆ ಉತ್ತ ಮಣ್ಣೇ ಬೇಕು. ಬೀಜ ತಳದಲ್ಲಿ ವರ್ಷಗಟ್ಟಲೆ ನಿದ್ದೆ ಮಾಡುತ್ತೆ. ಯಾರೋ ಇಲ್ಲಿ ಜಾಸ್ತಿ ಆಳ ಉತ್ತಿದ್ದಾರೆ.”

ಅವಳ ಕಿವಿ ಬಿಸಿಯಾಯಿತು. ತಿರುವಿನಲ್ಲಿ ನೇಗಿಲು ಎತ್ತಲು ಮರೆತು ತಳದ ಮಣ್ಣನ್ನೆಲ್ಲ ಮೇಲೆ ತಂದವಳು ಅವಳೇ. ಅಣ್ಣ ಅದನ್ನು ಪ್ರತಿ ಊಟಕ್ಕೂ ನೆಂಚಿಕೊಳ್ಳುತ್ತಿದ್ದ.

“ಅದು ನನ್ನ ತಪ್ಪು.”

“ದಯವಿಟ್ಟು ಇನ್ನೊಂದೆರಡು ತಪ್ಪು ಮಾಡಿ,” ಎಂದು ಅವನು ಕತ್ತೆತ್ತಿ ನೋಡಿದ. ಹುಬ್ಬಿನ ಮೇಲೆ ಮಣ್ಣು. ಅವಳು ಒರೆಸಲಿಲ್ಲ, ಒರೆಸಬೇಕೆನಿಸಿದ್ದೇ ಹೆಚ್ಚಾಯಿತು.

ಆಮೇಲೆ ಅವನು ಹೂವಿನ ನೆಪದಲ್ಲಿ ದಿನಾ ಬಂದ. ಹೂವು ಮುದುಡಿಕೊಂಡ ಮೇಲೂ ಕೂತಿರುತ್ತಿದ್ದ. ಸುದ್ದಿ ಊರೆಲ್ಲ ಸುತ್ತಿ ಅಣ್ಣನ ಕಿವಿಗೂ ಬಿತ್ತು. ಒಂದು ಬೆಳಿಗ್ಗೆ ಇಬ್ಬರೂ ಮೂಲೆಯಲ್ಲಿದ್ದಾಗ ಅಣ್ಣ ಕಳೆನಾಶಕದ ಕ್ಯಾನ್ ಬೆನ್ನಿಗೇರಿಸಿಕೊಂಡು ಬಂದ.

“ಇವತ್ತು ಹೂವು ಅಂತಾರೆ, ನಾಳೆ ಅರಣ್ಯ ಇಲಾಖೆಯೋರು ಹೊಲಕ್ಕೇ ಬೇಲಿ ಹಾಕ್ತಾರೆ. ಪಕ್ಕಕ್ಕೆ ಸರಿ.”

“ಬೇಲಿ ಹಾಕಿ ಬಿಟ್ರೆ ಇದು ಸಾಯುತ್ತೆ ಅಣ್ಣಾ. ಉಳಲೇಬೇಕು.”

“ಪಾಠ ಚೆನ್ನಾಗಿ ಹೇಳ್ಕೊಟ್ಟಿದ್ದಾನೆ! ಪ್ರೀತಿ ಹೂವಿನ ಮೇಲೋ, ಹೂವಿನವನ ಮೇಲೋ?”

“ಎರಡರ ಮೇಲೂ. ಏನೀಗ?”

ಮಾತು ಜಾರಿತು. ಬೆನ್ನ ಹಿಂದೆ, ಮೂಲೆಯಲ್ಲಿ ಕೂತಿದ್ದವನು ಉಸಿರು ಬಿಗಿಹಿಡಿದದ್ದು ಅವಳಿಗೆ ಕೇಳಿಸಿತು. ಅವಳು ತಿರುಗಲಿಲ್ಲ, ಆಡಿದ ಮಾತನ್ನು ನುಂಗಲೂ ಇಲ್ಲ. ನೇರವಾಗಿ ಪೈಪಿನ ತುದಿಗೆ ಎದೆಕೊಟ್ಟು ನಿಂತಳು.

“ಹೊಡಿ. ಮೊದಲು ನನ್ನ ಮೇಲೆ ಬೀಳ್ಲಿ. ನಾಳೆಯಿಂದ ಟ್ರ್ಯಾಕ್ಟರ್ ನೀನೇ ಓಡಿಸ್ಕೋ.”

ಟ್ರೈಲರ್ ಕಟ್ಟಿದ ಟ್ರ್ಯಾಕ್ಟರನ್ನು ರಿವರ್ಸ್ ತೆಗೆಯಲು ಅಣ್ಣನಿಗೆ ಬರುವುದಿಲ್ಲ, ಊರಿಗೇ ಗೊತ್ತು. ಅವನು ದನಿ ತಗ್ಗಿಸಿದ. “ಬೇರೆ ಹೊಲದಲ್ಲಿ ಇನ್ನೊಂದು ಹೂವು ಕಂಡ್ರೆ ಇವನು ಹೊರಟೋಗ್ತಾನೆ ಕಣೇ.”

“ಹೋಗ್ಲಿ. ಈ ಮೂಲೆ ನನ್ನದು. ಪ್ರತಿ ವರ್ಷ ಇಷ್ಟೇ ಆಳ ಉಳ್ತೀನಿ.”

“ನಾನು ಹೋಗಲ್ಲ,” ಹಿಂದಿನಿಂದ ದನಿ ಬಂತು.

“ನಿಮ್ಮನ್ನ ಯಾರು ಕೇಳಿದ್ರು?” ಎಂದಳು.

“ನೀವು ಕೇಳಲಿ ಅಂತಾನೇ ಕಾಯ್ತಿದ್ದೆ.”

“ಹಾಗಾದ್ರೆ ಎದ್ದು ಬಂದು ಹೇಳಿ. ಅಣ್ಣನ ಮುಂದೆ.”

ಅವನು ಬಂದ. ಪೈಪಿನ ಎದುರು ಅವಳ ಭುಜಕ್ಕೆ ಭುಜ ತಾಗಿಸಿ ನಿಂತ. ಅವಳು ಅಣ್ಣನಿಗೆ ಕಾಣುವಂತೆ ಅವನ ಕೈ ಹಿಡಿದಳು.

ಅಣ್ಣ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ, ಕ್ಯಾನನ್ನು ಭುಜದಿಂದ ಇಳಿಸಿದ.

“ಇಬ್ಬರಿಗಾಗೋಷ್ಟು ಔಷಧಿ ತಂದಿಲ್ಲ,” ಎಂದು ಗೊಣಗಿದ.