ಕೆಸರಲ್ಲಿ ಪೋಸ್

“ಏ ಸೂಜಿ! ಓಡೋಕೆ ಬಂದಿದ್ದೀಯೋ, ಮದುವೆ ಫೋಟೋ ತೆಗೆಯೋಕೆ ಬಂದಿದ್ದೀಯೋ?”

ದಿಬ್ಬದ ಮೇಲಿಂದ ಟ್ಯಾಂಕರ್ ಕೂಗಿದಳು. ಸೂಜಿ ಬಲಗಾಲನ್ನು ನೆಲಕ್ಕೆ ತಾಗಿಯೂ ತಾಗದ ಹಾಗೆ ಇಟ್ಟುಕೊಂಡು, ಕ್ಯಾಮೆರಾ ಎತ್ತಿ ಕ್ಲಿಕ್ ಮಾಡಿದಳು. ಉಸಿರೆಳೆದುಕೊಂಡಳು. ಮತ್ತೆ ಓಡಿದಳು.

ಕಡ್ಡಿಯ ಹಾಗಿದ್ದುದರಿಂದ ಇವಳು ಸೂಜಿ. ದಾರಿಯಲ್ಲಿ ಯಾರಿಗೂ ಜಾಗ ಬಿಡದ್ದರಿಂದ ಅವಳು ಟ್ಯಾಂಕರ್. ಇಬ್ಬರೂ ಒಂದೇ ಕ್ಲಾಸು, ಒಂದೇ ಟೀಮು.

ಮೊನ್ನೆ ಶಾಲೆಯ ಮೆಟ್ಟಿಲಿಳಿಯುವಾಗ ಸೂಜಿಯ ಕಾಲು ಉಳುಕಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಪಿ.ಟಿ. ಸರ್ ಬೆಂಚಿನ ಮೇಲೆ ಕೂರಿಸುತ್ತಿದ್ದರು. ಈ ಕಾಡುದಾರಿಯ ಓಟದಲ್ಲಿ ಒಂದು ಶಾಲೆಗೆ ನಾಲ್ವರು. ನಾಲ್ಕನೆಯವಳು ಗೆರೆ ದಾಟಿದರೆ ಮಾತ್ರ ಆ ಶಾಲೆ ಲೆಕ್ಕಕ್ಕೆ. ಒಬ್ಬಳು ನಿಂತುಬಿಟ್ಟರೆ ಉಳಿದ ಮೂವರ ಓಟ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಅವಳ ಬದಲು ಓಡಲು ಐದನೆಯವಳು ಇರಲೇ ಇಲ್ಲ.

ಅದಕ್ಕೇ ಸೂಜಿ ಒಂದು ಉಪಾಯ ಹೂಡಿದ್ದಳು. “ಸರ್, ಸ್ಕೂಲ್ ಮ್ಯಾಗಜೀನ್‌ಗೆ ನಾನೇ ಓಡ್ತಾ ಓಡ್ತಾ ಫೋಟೋ ತೆಗೀತೀನಿ.” ಸುಮ್ಮನೆ ನಿಂತರೆ ಕಾಲುನೋವು ಎಂದು ಗೊತ್ತಾಗುತ್ತದೆ. ಫೋಟೋ ತೆಗೆಯಲು ನಿಂತರೆ ಯಾರು ಕೇಳುತ್ತಾರೆ?

ಅಮ್ಮನ ಸ್ಟುಡಿಯೋ ಇದ್ದದ್ದು ಮನೆಯ ಮುಂದಿನ ಕೋಣೆಯಲ್ಲೇ. ಹಳೆಯ ಸಣ್ಣ ಕ್ಯಾಮೆರಾಗೆ ಪ್ಲಾಸ್ಟಿಕ್ ಕವರ್ ಸುತ್ತಿ ಕೊಡುವಾಗ, “ಬೀಳೋದಿದ್ರೆ ನೀನು ಬೀಳು. ಅದು ಬೀಳಬಾರ್ದು” ಅಂದಿದ್ದಳು.

ದಿಬ್ಬದಾಚೆ ದಾರಿಯೇ ಇರಲಿಲ್ಲ, ಬರೀ ಕೆಸರು. ಸೂಜಿಯ ಬಲಗಾಲು ಜಾರಿತು. ಧೊಪ್ಪೆಂದು ಬಿದ್ದಳು. ಕ್ಯಾಮೆರಾ ಹಿಡಿದ ಕೈ ಮಾತ್ರ ಮೇಲೆ. ಕ್ಯಾಮೆರಾಗೆ ಒಂದು ಹನಿಯೂ ತಾಗಲಿಲ್ಲ. ಅವಳ ಕಣ್ಣಲ್ಲಿ ನೀರು ಬಂತು.

ಬೇರೆ ಶಾಲೆಯವಳೊಬ್ಬಳು ಕೆಸರು ಹಾರಿಸುತ್ತ ಪಕ್ಕದಲ್ಲೇ ದಾಟಿಹೋದಳು. ಮುಂದೆ ಹೋಗಿದ್ದ ಟ್ಯಾಂಕರ್ ಮಾತ್ರ ವಾಪಸ್ ಬಂದಳು.

“ಏನಾಯ್ತೇ?”

“ಏನಿಲ್ಲ. ಲೋ ಆ್ಯಂಗಲ್ ಶಾಟ್.”

ಟ್ಯಾಂಕರ್ ಕೈ ಕೊಟ್ಟು ಎಬ್ಬಿಸಿದಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟಳು. “ಹಾಗಿದ್ರೆ ನಂದೊಂದು ತೆಗಿ. ಹೀರೋಯಿನ್ ಥರ ಬರ್ಬೇಕು.”

ಅಲ್ಲಿಂದ ಶುರುವಾಯಿತು ಅವಳ ಕಾಟ. ಬೇಲಿಯ ಹತ್ತಿರ, “ಇಲ್ಲೊಂದು.” ಕಾಲುವೆ ದಾಟಿದ ಮೇಲೆ, “ಸೈಡ್ ಪೋಸ್.” ಕೊನೆಯ ಏರಿನಲ್ಲಿ, “ತಡಿಯೇ, ಜಡೆ ಮುಂದಕ್ಕೆ ಹಾಕ್ಕೊಳ್ತೀನಿ.”

ಸೂಜಿಗೆ ಮೈ ಉರಿಯಿತು. ತನಗೆ ಪ್ರಾಣಸಂಕಟ, ಇವಳಿಗೆ ಚೆಲ್ಲಾಟ! ಆದರೂ ಪ್ರತಿ ಸಲ ನಿಂತಳು, ಕ್ಲಿಕ್ ಮಾಡಿದಳು, ಹಲ್ಲುಕಚ್ಚಿ ಹೊರಟಳು. ನಿಲ್ಲುವುದೇನೋ ನಿಲ್ಲುತ್ತೇನೆ, ಕೂರುವುದಿಲ್ಲ. ಕೂತರೆ ಏಳುವುದು ಕಷ್ಟ.

ಗೆರೆ ಕಂಡಿತು. ಮೊದಲೇ ಮುಟ್ಟಿದ್ದ ಟೀಮಿನ ಇಬ್ಬರು ಗಂಟಲು ಹರಿಯುವಂತೆ ಕೂಗುತ್ತಿದ್ದರು. ಟ್ಯಾಂಕರ್ ದಾಟಿದಳು. ಕ್ಯಾಮೆರಾವನ್ನು ಎದೆಗೊತ್ತಿಕೊಂಡು ಸೂಜಿಯೂ ನುಗ್ಗಿದಳು. ನಿಂತಾಗ ಪಾದ ಶೂ ಒಳಗೆ ಬನ್ನಿನ ಹಾಗೆ ಊದಿತ್ತು.

ಎಂಟು ಶಾಲೆಗಳಲ್ಲಿ ಏಳನೆಯ ಸ್ಥಾನ. ಆದರೂ ಬೋರ್ಡಿನ ಮೇಲೆ ಶಾಲೆಯ ಹೆಸರು ಬಂತು. ಸರ್ ಅದನ್ನೇ ಎರಡೆರಡು ಸಲ ಓದಿದರು.

ಸಂಜೆ ಸ್ಟುಡಿಯೋದ ಸ್ಟೂಲಿನ ಮೇಲೆ ಕೂತು ಸೂಜಿ ತಣ್ಣೀರಿನ ಬಕೆಟ್ಟಿಗೆ ಕಾಲು ಇಳಿಬಿಟ್ಟಿದ್ದಳು. ಬೈಗುಳ ಆಗಲೇ ಮುಗಿದಿತ್ತು. ಅಮ್ಮ ಕಂಪ್ಯೂಟರಿನಲ್ಲಿ ಒಂದೊಂದೇ ಫೋಟೋ ನೋಡುತ್ತಿದ್ದಳು.

“ಈ ಹುಡುಗಿಗೆ ಪೋಸ್ ಕೊಡೋಕೇ ಬರಲ್ವಲ್ಲೇ.”

“ಅವಳೇ ಗಂಟುಬಿದ್ದು ತೆಗೆಸ್ಕೊಂಡಿದ್ದು!”

“ಪಾಸ್‌ಪೋರ್ಟ್ ಫೋಟೋಗೆ ಬರೋ ಮಗು ಕೂಡ ಲೆನ್ಸ್ ನೋಡುತ್ತೆ. ಇವಳು ಒಂದರಲ್ಲೂ ನೋಡಿಲ್ಲ. ಎಲ್ಲಾದ್ರಲ್ಲೂ ಕಣ್ಣು ಕೆಳಗೆ. ಅಲ್ಲೇನಿತ್ತು?”

ಸೂಜಿ ಮುಂದಕ್ಕೆ ಬಾಗಿದಳು. ಬೇಲಿ. ಕಾಲುವೆ. ಏರು. ಸೊಂಟದ ಮೇಲೆ ಕೈ, ಬಾಯಿ ತುಂಬ ನಗು. ಕಣ್ಣು ಮಾತ್ರ ಕ್ಯಾಮೆರಾ ಹಿಡಿದವಳ ಪಾದದ ಕಡೆಗೆ.

ಸೂಜಿ ಬಕೆಟ್ಟಿನೊಳಗಿನ ತನ್ನ ಕಾಲು ನೋಡಿಕೊಂಡಳು.

“ಅಮ್ಮಾ, ಇವಿಷ್ಟೂ ಪ್ರಿಂಟ್ ಹಾಕು.”

“ಇವಾ? ಅವಳು ಸರಿಯಾಗಿ ನೋಡೇ ಇಲ್ಲ ಅಂದೆನಲ್ಲೇ.”

“ಸರಿಯಾಗೇ ನೋಡಿದಾಳಮ್ಮ.”